ಬೇರು ಎಷ್ಟು ಆಳ? ಮೂತ್ರಕೋಶದ ಅರ್ಬುದದಲ್ಲಿ ಎಂ.ಆರ್.ಐ. ಪರೀಕ್ಷೆಯ ಪಾತ್ರ

ನೋವು ಕೊಡುವ ರೋಗವನ್ನು ಯಾರೂ ಬಹುಕಾಲ ಅಲಕ್ಷಿಸುವುದಿಲ್ಲ. ಹಲ್ಲುನೋವು ಒಂದು ರಾತ್ರಿಯನ್ನೂ ಸುಮ್ಮನೆ ಕಳೆಯಗೊಡುವುದಿಲ್ಲ. ಮೂತ್ರಪಿಂಡದ ಕಲ್ಲು ಗಟ್ಟಿಮುಟ್ಟಾದ ಮನುಷ್ಯನನ್ನೂ ನೆಲದ ಮೇಲೆ ಹೊರಳಾಡಿಸಿ ವೈದ್ಯರ ಬಳಿಗೆ ಕರೆತರುತ್ತದೆ. ಆದರೆ ನೋವಿಲ್ಲದೆ ಬರುವ ರೋಗಗಳೂ ಉಂಟು. ಅವು ಒಮ್ಮೆ ತಮ್ಮ ಗುರುತನ್ನು ತೋರಿಸಿ, ಮರುದಿನವೇ ಮರೆಯಾಗಿ, ಒಳಗೊಳಗೇ ಬೆಳೆಯುತ್ತವೆ. ಮೂತ್ರಕೋಶದ ಕ್ಯಾನ್ಸರ್ ಅಂತಹವುಗಳಲ್ಲಿ ಒಂದು. ಬಹುತೇಕ ರೋಗಿಗಳಲ್ಲಿ ಅದರ ಮೊದಲ ಗುರುತು ಒಂದೇ ಆಗಿರುತ್ತದೆ: ನೋವಿಲ್ಲದೆ ಮೂತ್ರದಲ್ಲಿ ರಕ್ತ ಕಾಣಿಸಿಕೊಳ್ಳುವುದು.

ನಮ್ಮಲ್ಲಿ ಮೂತ್ರ ಕೆಂಪಾದರೆ 'ಉಷ್ಣವಾಗಿದೆ' ಎಂಬ ಒಂದು ಮಾತಿನಲ್ಲಿ ಎಲ್ಲವೂ ಮುಗಿಯುತ್ತದೆ. ಎಳನೀರು, ಬಾರ್ಲಿ ನೀರು, ಕೊತ್ತಂಬರಿ ಬೀಜ ನೆನೆಸಿದ ನೀರು, ಕಾಮಕಸ್ತೂರಿ ಬೀಜದ ಪಾನಕ ಇವು ಮನೆಮನೆಯ ಮದ್ದುಗಳು. ಬೇಸಿಗೆಯ ಉರಿಮೂತ್ರಕ್ಕೆ ಇವು ಹಿತವೇ ಹೌದು. ಆದರೆ ಅರ್ಬುದದಿಂದ ಬರುವ ರಕ್ತ ಏನೂ ಮಾಡದಿದ್ದರೂ ಎರಡು ಮೂರು ದಿನಗಳಲ್ಲಿ ತಾನಾಗಿಯೇ ನಿಲ್ಲಬಹುದು. ನಿಂತದ್ದು ಎಳನೀರಿನಿಂದ ಎಂದು ನಾವು ನಂಬುತ್ತೇವೆ. ಒಂದೆರಡು ತಿಂಗಳ ತರುವಾಯ ಮತ್ತೆ ರಕ್ತ, ಮತ್ತೆ ಎಳನೀರು. ಹೀಗೆ ಅಮೂಲ್ಯವಾದ ಕಾಲ ಕಳೆದುಹೋಗುತ್ತದೆ. ಈ ರೋಗದಲ್ಲಿ ಕಾಲಕ್ಕೆ ಏಕೆ ಇಷ್ಟು ಬೆಲೆ, ರೋಗದ ಆಳವನ್ನು ಅಳೆಯಲು ಎಂ.ಆರ್.ಐ. ಪರೀಕ್ಷೆ ಹೇಗೆ ನೆರವಾಗುತ್ತದೆ ಎಂಬುದನ್ನು ಸದ್ಭಕ್ತರಿಗೆ ತಿಳಿಸುವುದೇ ಈ ಲೇಖನದ ಉದ್ದೇಶ.

ಮೂತ್ರಕೋಶದ ರಚನೆ

ಆಯುರ್ವೇದದಲ್ಲಿ ಮೂತ್ರಕೋಶಕ್ಕೆ 'ಬಸ್ತಿ' ಎಂದು ಹೆಸರು. ಸುಶ್ರುತಾಚಾರ್ಯರು ಇದನ್ನು ಸೋರೆಬುರುಡೆಯ ಆಕಾರದ, ತೆಳುವಾದ ಗೋಡೆಯ, ಕೆಳಮುಖವಾದ ಒಂದೇ ದ್ವಾರವುಳ್ಳ ಅವಯವವೆಂದು ವರ್ಣಿಸಿ, ಪ್ರಾಣಕ್ಕೆ ಆಧಾರವಾದ ಮರ್ಮಗಳ ಸಾಲಿನಲ್ಲಿ ಸೇರಿಸಿದ್ದಾರೆ. ಎರಡು ಮೂತ್ರಪಿಂಡಗಳಿಂದ ಹನಿಹನಿಯಾಗಿ ಇಳಿದು ಬರುವ ಮೂತ್ರ ಇಲ್ಲಿ ಸಂಗ್ರಹವಾಗುತ್ತದೆ. ಸಾಮಾನ್ಯವಾಗಿ ಸುಮಾರು ಅರ್ಧ ಲೀಟರಿನವರೆಗೆ ಇದು ಹಿಗ್ಗಬಲ್ಲದು.

ಈ ಚೀಲದ ಗೋಡೆಯಲ್ಲಿ ಪದರಗಳಿವೆ. ಮೂತ್ರಕ್ಕೆ ನೇರವಾಗಿ ತಾಗುವ ಒಳಪೊರೆ ಮೊದಲನೆಯದು. ಅದರ ಹಿಂದೆ ಸೂಕ್ಷ್ಮ ರಕ್ತನಾಳಗಳಿರುವ ತೆಳುವಾದ ಸಂಯೋಜಕ ಪದರ. ಅದರಾಚೆಗೆ ಚೀಲವನ್ನು ಸಂಕುಚಿಸಿ ಮೂತ್ರವನ್ನು ಹೊರದೂಡುವ ಸ್ನಾಯುಪದರ, ಅಂದರೆ ಮಾಂಸಪೇಶಿಯ ಪದರ. ಎಲ್ಲಕ್ಕೂ ಹೊರಗೆ ಕೊಬ್ಬಿನ ಹೊದಿಕೆ. ಮನೆಯ ಗೋಡೆಗೆ ಸುಣ್ಣ, ಗಾರೆ, ಇಟ್ಟಿಗೆ, ಹೊರಗಿನ ಮಣ್ಣು ಇದ್ದಂತೆ ಎಂದು ತಿಳಿಯಬಹುದು. ಅರ್ಬುದ ಹುಟ್ಟುವುದು ಒಳಪೊರೆಯಲ್ಲಿ. ಸುಣ್ಣದ ಮೇಲಿನ ಕಲೆಯನ್ನು ಕೆರೆದು ತೆಗೆಯಬಹುದು. ತೇವ ಇಟ್ಟಿಗೆಯೊಳಗೆ ಇಳಿದರೆ ಮಾಡಬೇಕಾದ ಕೆಲಸವೇ ಬೇರೆ. ಮೂತ್ರಕೋಶದ ಅರ್ಬುದದ ಚಿಕಿತ್ಸೆಯೆಲ್ಲವೂ ಈ ಒಂದು ಪ್ರಶ್ನೆಯ ಮೇಲೆ ನಿಂತಿದೆ: ಬೇರು ಸ್ನಾಯುಪದರವನ್ನು ಹೊಕ್ಕಿದೆಯೋ ಇಲ್ಲವೋ?

ಯಾರಿಗೆ ಬರುತ್ತದೆ?

2022ರಲ್ಲಿ ಜಗತ್ತಿನಾದ್ಯಂತ 6 ಲಕ್ಷಕ್ಕೂ ಹೆಚ್ಚು ಜನರಲ್ಲಿ ಈ ರೋಗ ಹೊಸದಾಗಿ ಪತ್ತೆಯಾಯಿತೆಂದು ಅಂದಾಜಿಸಲಾಗಿದೆ. ಸ್ತ್ರೀಯರಿಗಿಂತ ಪುರುಷರಲ್ಲಿ ಮೂರರಿಂದ ನಾಲ್ಕು ಪಟ್ಟು ಹೆಚ್ಚು. ಐವತ್ತೈದು ವರ್ಷ ದಾಟಿದವರಲ್ಲಿಯೇ ಅಧಿಕ.

ಮುಖ್ಯ ಕಾರಣ ತಂಬಾಕಿನ ಹೊಗೆ. ಈ ರೋಗಿಗಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಧೂಮಪಾನವೇ ಮೂಲ. ಬೀಡಿ ಸಿಗರೇಟುಗಳ ಹೊಗೆ ಶ್ವಾಸಕೋಶಕ್ಕೆ ಹೋದರೆ ಮೂತ್ರಕೋಶಕ್ಕೇನು ಸಂಬಂಧ ಎಂದು ಅನೇಕರು ಕೇಳುತ್ತಾರೆ. ಹೊಗೆಯ ವಿಷವಸ್ತುಗಳು ರಕ್ತದಲ್ಲಿ ಬೆರೆಯುತ್ತವೆ. ಮೂತ್ರಪಿಂಡಗಳು ಅವುಗಳನ್ನು ಸೋಸಿ ಮೂತ್ರಕ್ಕೆ ಬಿಡುತ್ತವೆ. ಆ ಮೂತ್ರ ಗಂಟೆಗಟ್ಟಲೆ ಮೂತ್ರಕೋಶದಲ್ಲಿ ನಿಂತಿರುತ್ತದೆ. ಒಳಪೊರೆ ಪ್ರತಿದಿನವೂ ಆ ವಿಷದಲ್ಲಿ ನೆನೆಯುತ್ತದೆ.

ಎರಡನೆಯ ಕಾರಣ ಕೆಲವು ರಾಸಾಯನಿಕಗಳು. 1895ರಲ್ಲಿ ಜರ್ಮನಿಯ ಶಸ್ತ್ರವೈದ್ಯ ಲುಡ್ವಿಗ್ ರೆನ್ ಅವರು ಬಣ್ಣ ತಯಾರಿಸುವ ಕಾರ್ಖಾನೆಯ ಕೆಲಸಗಾರರಲ್ಲಿ ಮೂತ್ರಕೋಶದ ಗಂಟುಗಳನ್ನು ಗುರುತಿಸಿದರು. ಬಣ್ಣ, ರಬ್ಬರು ಮೊದಲಾದ ಉದ್ಯಮಗಳಲ್ಲಿ ಬಳಕೆಯಾಗುತ್ತಿದ್ದ ಕೆಲವು ಅಮೈನ್ ರಾಸಾಯನಿಕಗಳು ಇದಕ್ಕೆ ಕಾರಣವೆಂದು ಮುಂದೆ ಸ್ಥಿರಪಟ್ಟಿತು.

ನಾನು ಆಯುರ್ವೇದ ವೈದ್ಯನಾಗಿರುವುದರಿಂದ ಇನ್ನೊಂದು ಮಾತನ್ನು ಮರೆಮಾಚದೆ ಹೇಳಬೇಕು. ನಮ್ಮ ಹೊಲ ಬೇಲಿಗಳಲ್ಲಿ ಹಬ್ಬುವ ಈಶ್ವರಿ ಬಳ್ಳಿ ಮತ್ತು ಅದೇ ಕುಲದ ಗಿಡಗಳಲ್ಲಿ ಅರಿಸ್ಟೊಲೋಕಿಕ್ ಆಮ್ಲವೆಂಬ ವಸ್ತುವಿದೆ. 1990ರ ದಶಕದ ಆರಂಭದಲ್ಲಿ ಬೆಲ್ಜಿಯಂ ದೇಶದಲ್ಲಿ ಮೈ ಇಳಿಸುವ ಮೂಲಿಕೆಯೆಂದು ಈ ಕುಲದ ಗಿಡವನ್ನು ಸೇವಿಸಿದ ಸ್ತ್ರೀಯರ ಮೂತ್ರಪಿಂಡಗಳು ಕೆಟ್ಟವು; ಅವರಲ್ಲಿ ಹಲವರಿಗೆ ಮೂತ್ರಮಾರ್ಗದ ಅರ್ಬುದವೂ ಬಂದಿತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಇದನ್ನು ನಿಶ್ಚಿತ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿದೆ. ಆದ್ದರಿಂದ ಈಶ್ವರಿ ಬೇರನ್ನು ಯಾರೇ ಹೇಳಿದರೂ ಹೊಟ್ಟೆಗೆ ತೆಗೆದುಕೊಳ್ಳಬಾರದು. ಗಿಡಮೂಲಿಕೆ ಎಂದ ಮಾತ್ರಕ್ಕೆ ಎಲ್ಲವೂ ನಿರಪಾಯಕಾರಿಯಲ್ಲ.

ಪತ್ತೆಯ ಮೊದಲ ಹೆಜ್ಜೆಗಳು

ಮೂತ್ರ ಕೆಂಪಾದವರೆಲ್ಲರಿಗೂ ಕ್ಯಾನ್ಸರ್ ಇರುವುದಿಲ್ಲ. ಬೀಟ್‌ರೂಟ್ ತಿಂದರೂ ಮೂತ್ರ ಕೆಂಪಾಗಬಹುದು. ಕ್ಷಯರೋಗದ ರಿಫಾಂಪಿಸಿನ್ ಗುಳಿಗೆಯಿಂದ ಕಿತ್ತಳೆ ಬಣ್ಣ ಬರುತ್ತದೆ. ಸೋಂಕು, ಕಲ್ಲು, ವೃದ್ಧಾಪ್ಯದ ಪ್ರಾಸ್ಟೇಟ್ ಗ್ರಂಥಿಯ ಊತ ಇವೆಲ್ಲವೂ ರಕ್ತಕ್ಕೆ ಸಾಮಾನ್ಯ ಕಾರಣಗಳು. ಕ್ಯಾನ್ಸರ್ ಇದೆಯೋ ಇಲ್ಲವೋ ಎಂಬುದನ್ನು ನಿರ್ಧರಿಸುವುದು ಪರೀಕ್ಷೆಯೇ ಹೊರತು ನಮ್ಮ ಊಹೆಯಲ್ಲ. ತಾಯಂದಿರಲ್ಲಿ ಇದನ್ನು ಮುಟ್ಟಿನ ದೋಷವೆಂದೋ ಪದೇ ಪದೇ ಬರುವ ಸೋಂಕೆಂದೋ ಭಾವಿಸಿ ತಡಮಾಡುವುದು ಹೆಚ್ಚು. ಮುಟ್ಟು ನಿಂತ ಮೇಲೆ ಕಾಣುವ ರಕ್ತ ಎಲ್ಲಿಂದ ಬಂದರೂ ಪರೀಕ್ಷೆಗೆ ಅರ್ಹ.

ಮೊದಲು ಮೂತ್ರಪರೀಕ್ಷೆ, ತರುವಾಯ ಹೊಟ್ಟೆಯ ಸೋನೋಗ್ರಫಿ. ಅದರಲ್ಲಿ ಗಂಟು ಕಂಡರೆ, ಅಥವಾ ಕಾಣದಿದ್ದರೂ ಅನುಮಾನವಿದ್ದರೆ, ಮೂತ್ರರೋಗ ತಜ್ಞರು ಸಿಸ್ಟೋಸ್ಕೋಪಿ ಮಾಡುತ್ತಾರೆ. ಜನರು ಇದನ್ನು ದುರ್ಬೀನು ಪರೀಕ್ಷೆ ಎನ್ನುವುದುಂಟು. ಮೂತ್ರದ್ವಾರದ ಮೂಲಕ ತೆಳುವಾದ ದುರ್ಬೀನನ್ನು ಒಳಗೆ ಬಿಟ್ಟು ಒಳಪೊರೆಯನ್ನು ಕಣ್ಣಾರೆ ನೋಡುವ ಕ್ರಮವಿದು. ಗಂಟು ಇದೆಯೋ ಇಲ್ಲವೋ ಎಂಬುದಕ್ಕೆ ಇದು ಉತ್ತಮ ಸಾಕ್ಷಿ. ಆದರೆ ದುರ್ಬೀನಿಗೆ ಕಾಣುವುದು ಗೋಡೆಯ ಮೇಲ್ಮೈ ಮಾತ್ರ. ಬೇರು ಎಷ್ಟು ಆಳಕ್ಕೆ ಇಳಿದಿದೆ ಎಂಬುದು ಅದಕ್ಕೆ ಕಾಣದು.

ಹಂತಗಳು ಎಂದರೇನು?

ರೋಗವು ಒಂದೇ ಆದರೂ ಅದರ ಅವಸ್ಥೆಗಳು ಬೇರೆ ಬೇರೆ. ಸುಶ್ರುತಾಚಾರ್ಯರು ಸಂಚಯ, ಪ್ರಕೋಪ, ಪ್ರಸರ, ಸ್ಥಾನಸಂಶ್ರಯ, ವ್ಯಕ್ತಿ, ಭೇದ ಎಂಬ ಆರು ಕ್ರಿಯಾಕಾಲಗಳನ್ನು ಹೇಳಿ, ಮೊದಲ ಅವಸ್ಥೆಗಳಲ್ಲಿಯೇ ತಡೆದ ರೋಗ ಮುಂದೆ ಬಲಗೊಳ್ಳುವುದಿಲ್ಲವೆಂದು ತಿಳಿಸಿದ್ದಾರೆ. ಅದು ದೋಷಗಳ ಗತಿಯನ್ನು ವಿವರಿಸುವ ಕ್ರಮ. ಇಂದಿನ ಕ್ಯಾನ್ಸರ್ ಹಂತಗಳೊಡನೆ ಅದನ್ನು ಒಂದಕ್ಕೊಂದು ಜೋಡಿಸುವುದು ಸರಿಯಲ್ಲ. ಆದರೆ ಅವಸ್ಥೆಯನ್ನು ಅರಿತು ಚಿಕಿತ್ಸೆ ಮಾಡಬೇಕೆಂಬ ತತ್ತ್ವ ಎರಡರಲ್ಲಿಯೂ ಒಂದೇ. ಅರ್ಬುದದ ಲಕ್ಷಣ ಹೇಳುವಾಗಲೂ ಅವರು ನೋವು ಮಂದವಾಗಿರುತ್ತದೆ, ಬೇರು ಆಳವಾಗಿರುತ್ತದೆ, ನಿಧಾನವಾಗಿ ಬೆಳೆಯುತ್ತದೆ ಎಂಬ ಅಂಶಗಳನ್ನು ಗಮನಿಸಿರುವುದು ಸ್ಮರಣೀಯ.

ಇಂದಿನ ಪದ್ಧತಿಯಲ್ಲಿ ಬೇರಿನ ಆಳವನ್ನು 'ಟಿ' ಎಂಬ ಅಕ್ಷರದಿಂದ ಸೂಚಿಸುತ್ತಾರೆ. ಒಳಪೊರೆಯಲ್ಲಿಯೇ ಹೂಕೋಸಿನಂತೆ ನಿಂತ ಗಂಟು ಟಿಎ. ಒಳಪೊರೆಯಲ್ಲಿ ಚಪ್ಪಟೆಯಾಗಿ ಹರಡಿದ, ಆದರೆ ಉಗ್ರಸ್ವಭಾವದ ರೋಗ ಟಿಐಎಸ್. ಸಂಯೋಜಕ ಪದರಕ್ಕೆ ಇಳಿದರೆ ಟಿ1. ಸ್ನಾಯುಪದರ ಹೊಕ್ಕರೆ ಟಿ2. ಸ್ನಾಯು ದಾಟಿ ಹೊರಗಿನ ಕೊಬ್ಬಿಗೆ ಹೋದರೆ ಟಿ3. ಪ್ರಾಸ್ಟೇಟ್, ಗರ್ಭಾಶಯ, ಕಿಬ್ಬೊಟ್ಟೆಯ ಗೋಡೆ ಮೊದಲಾದ ನೆರೆಯ ಅಂಗಗಳಿಗೆ ತಾಗಿದರೆ ಟಿ4. ಇದರೊಡನೆ ದುಗ್ಧಗ್ರಂಥಿಗಳಿಗೆ ಹರಡಿದೆಯೇ, ಶ್ವಾಸಕೋಶ, ಯಕೃತ್ತು, ಮೂಳೆಗಳಂತಹ ದೂರದ ಭಾಗಗಳಿಗೆ ಹೋಗಿದೆಯೇ ಎಂಬುದನ್ನೂ ಗಮನಿಸುತ್ತಾರೆ.

ರೋಗ ಪತ್ತೆಯಾಗುವ ವೇಳೆಗೆ ನಾಲ್ವರಲ್ಲಿ ಸುಮಾರು ಮೂವರಿಗೆ ಅದು ಸ್ನಾಯುಪದರವನ್ನು ಮುಟ್ಟಿರುವುದಿಲ್ಲ. ಅಂತಹವರಿಗೆ ದುರ್ಬೀನಿನ ಮೂಲಕವೇ ಗಂಟನ್ನು ಕೆರೆದು ತೆಗೆಯುತ್ತಾರೆ. ಈ ಶಸ್ತ್ರಕ್ರಿಯೆಗೆ ಟಿ.ಯು.ಆರ್.ಬಿ.ಟಿ. ಎಂದು ಹೆಸರು. ತರುವಾಯ ಅಗತ್ಯವಿದ್ದರೆ ಮೂತ್ರಕೋಶದೊಳಗೆ ಔಷಧಿ ಬಿಡುತ್ತಾರೆ. ನಮ್ಮ ಹಸುಗೂಸುಗಳಿಗೆ ಕ್ಷಯ ಬಾರದಿರಲೆಂದು ಹಾಕಿಸುವ ಬಿ.ಸಿ.ಜಿ. ಲಸಿಕೆಯೇ ಇಲ್ಲಿ ಔಷಧಿಯಾಗಿ ಬಳಕೆಯಾಗುತ್ತದೆ. ಕೆನಡಾ ದೇಶದ ವೈದ್ಯ ಆಲ್ವಾರೊ ಮೊರಾಲೆಸ್ ಅವರು 1976ರಲ್ಲಿ ಈ ಪ್ರಯೋಗವನ್ನು ಪ್ರಕಟಿಸಿದರು. ಈ ಗುಂಪಿನವರ ಮೂತ್ರಕೋಶ ಉಳಿಯುತ್ತದೆ. ಆದರೆ ರೋಗ ಮರುಕಳಿಸುವುದು ಸಾಮಾನ್ಯವಾದುದರಿಂದ ವರ್ಷಗಟ್ಟಲೆ ದುರ್ಬೀನು ಪರೀಕ್ಷೆ ತಪ್ಪಿಸಬಾರದು.

ಉಳಿದ ಒಬ್ಬರಲ್ಲಿ ರೋಗ ಸ್ನಾಯುವನ್ನು ಹೊಕ್ಕಿರುತ್ತದೆ. ಅವರಿಗೆ ಕೆರೆದು ತೆಗೆದರೆ ಸಾಲದು. ಮೊದಲು ಕೀಮೋಥೆರಪಿ ಕೊಟ್ಟು ಮೂತ್ರಕೋಶವನ್ನೇ ತೆಗೆದು ಕರುಳಿನ ತುಂಡಿನಿಂದ ಮೂತ್ರಕ್ಕೆ ಹೊಸ ದಾರಿ ಮಾಡುವುದು ಒಂದು ಕ್ರಮ. ಆಯ್ದ ರೋಗಿಗಳಲ್ಲಿ ವಿಕಿರಣ ಮತ್ತು ಕೀಮೋಥೆರಪಿಗಳಿಂದ ಮೂತ್ರಕೋಶವನ್ನು ಉಳಿಸಿಕೊಳ್ಳುವುದು ಇನ್ನೊಂದು. ಎರಡೂ ದೊಡ್ಡ ಚಿಕಿತ್ಸೆಗಳೇ. ಇಲ್ಲಿ ತಿಂಗಳುಗಟ್ಟಲೆ ತಡವಾದರೆ ಬದುಕುಳಿಯುವ ಅವಕಾಶವೇ ಕುಗ್ಗುತ್ತದೆ.

ಎಂ.ಆರ್.ಐ. ಹೇಗೆ ನೋಡುತ್ತದೆ?

ಎಂ.ಆರ್.ಐ. ಯಂತ್ರವು ಒಂದು ಬಲವಾದ ಅಯಸ್ಕಾಂತ. ಅದರಲ್ಲಿ ಎಕ್ಸ್‌ರೇಯಾಗಲಿ ವಿಕಿರಣವಾಗಲಿ ಇಲ್ಲ. ನಮ್ಮ ಶರೀರದ ಬಹುಭಾಗ ನೀರು. ನೀರಿನ ಪ್ರತಿ ಕಣದಲ್ಲಿಯೂ ಹೈಡ್ರೋಜನ್ ಇದೆ. ಈ ಹೈಡ್ರೋಜನ್ ಬೀಜಗಳು ಅಯಸ್ಕಾಂತದ ಬಲಕ್ಕೆ ಒಳಪಟ್ಟಾಗ ಒಂದು ಕ್ರಮದಲ್ಲಿ ನಿಲ್ಲುತ್ತವೆ. ರೇಡಿಯೋ ಅಲೆಗಳಿಂದ ಅವುಗಳನ್ನು ಕದಡಿದಾಗ, ಮರಳಿ ಸ್ವಸ್ಥಿತಿಗೆ ಬರುವಾಗ ಸೂಕ್ಷ್ಮವಾದ ಸಂಕೇತವನ್ನು ಹೊರಡಿಸುತ್ತವೆ. ಗಣಕಯಂತ್ರ ಆ ಸಂಕೇತಗಳಿಂದ ಚಿತ್ರ ಬಿಡಿಸುತ್ತದೆ. ಪಾಲ್ ಲಾಟರ್ಬರ್ ಅವರು 1973ರಲ್ಲಿ ನೀರು ತುಂಬಿದ ಗಾಜಿನ ನಳಿಕೆಗಳ ಚಿತ್ರ ತೆಗೆದು ಇದಕ್ಕೆ ದಾರಿ ತೋರಿದರು. ಅವರಿಗೂ ಪೀಟರ್ ಮ್ಯಾನ್ಸ್‌ಫೀಲ್ಡ್ ಅವರಿಗೂ 2003ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು. ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿರುವ 1.5 ಟೆಸ್ಲಾ ಯಂತ್ರದ ಬಲವು ಭೂಮಿಯ ಕಾಂತಬಲದ ಸುಮಾರು 30 ಸಾವಿರ ಪಟ್ಟು.

ಸಿ.ಟಿ. ಸ್ಕ್ಯಾನ್ ಮೂತ್ರಪಿಂಡ, ಮೂತ್ರನಾಳ, ಶ್ವಾಸಕೋಶಗಳನ್ನು ನೋಡಲು ಅತ್ಯುಪಯುಕ್ತ. ಆದರೆ ಮೂತ್ರಕೋಶದ ಗೋಡೆಯ ಪದರಗಳನ್ನು ಅದು ಬೇರೆ ಬೇರೆಯಾಗಿ ತೋರಿಸಲಾರದು. ಆ ಕೆಲಸದಲ್ಲಿ ಎಂ.ಆರ್.ಐ. ಸಮರ್ಥ. ಅದು ಮೂರು ಬಗೆಯ ಚಿತ್ರಗಳನ್ನು ತೆಗೆಯುತ್ತದೆ.

ಮೊದಲನೆಯದು ರಚನೆಯ ಚಿತ್ರ. ಇದರಲ್ಲಿ ಮೂತ್ರ ಬೆಳ್ಳಗೆ ಹೊಳೆಯುತ್ತದೆ, ಸ್ನಾಯುಪದರ ಕಪ್ಪು ಗೆರೆಯಾಗಿ ಕಾಣುತ್ತದೆ, ಗಂಟು ಇವೆರಡರ ನಡುವಿನ ಬೂದು ಬಣ್ಣದಲ್ಲಿರುತ್ತದೆ. ಎರಡನೆಯದು ನೀರಿನ ಕಣಗಳ ಚಲನೆಯ ಚಿತ್ರ. ಕ್ಯಾನ್ಸರ್ ಗಂಟಿನಲ್ಲಿ ಜೀವಕೋಶಗಳು ಒತ್ತೊತ್ತಾಗಿ ತುಂಬಿರುವುದರಿಂದ ನೀರಿನ ಕಣಗಳು ಸರಾಗವಾಗಿ ಅಲುಗಾಡಲಾರವು. ಜಾತ್ರೆಯ ನೂಕುನುಗ್ಗಲಿನಲ್ಲಿ ಸಿಕ್ಕವರಂತೆ ಅವುಗಳ ಸ್ಥಿತಿ. ಅಂತಹ ಜಾಗ ಈ ಚಿತ್ರದಲ್ಲಿ ಪ್ರಕಾಶಮಾನವಾಗಿ ಎದ್ದು ಕಾಣುತ್ತದೆ. ಮೂರನೆಯದು ಗಡೋಲಿನಿಯಂ ಎಂಬ ವಸ್ತುವಿನ ದ್ರಾವಣವನ್ನು ರಕ್ತನಾಳಕ್ಕೆ ಕೊಟ್ಟು ತೆಗೆಯುವ ಚಿತ್ರ. ಗಂಟಿನೊಳಗೆ ರಕ್ತ ಬೇಗ ಹರಿಯುವುದರಿಂದ ಅದು ಮೊದಲು ಬೆಳಗುತ್ತದೆ. ಆರೋಗ್ಯಕರ ಸ್ನಾಯು ಆ ಕ್ಷಣದಲ್ಲಿ ಇನ್ನೂ ಕಪ್ಪಾಗಿಯೇ ಇರುತ್ತದೆ.

ತಜ್ಞರು ಹುಡುಕುವುದು ಆ ಕಪ್ಪು ಗೆರೆಯನ್ನು. ಗಂಟಿನ ಬುಡದಲ್ಲಿ ಕಪ್ಪು ಗೆರೆ ಅಖಂಡವಾಗಿದ್ದರೆ ಸ್ನಾಯು ಸುರಕ್ಷಿತ. ಗೆರೆ ಎಲ್ಲಿ ತುಂಡಾಗಿದೆಯೋ ಅಲ್ಲಿ ಬೇರು ಒಳಹೊಕ್ಕಿದೆ ಎಂಬ ಅನುಮಾನ.

ಐದು ಅಂಕಗಳು: ಅಂಕ ಬೇರೆ, ಹಂತ ಬೇರೆ

ಒಂದೇ ಚಿತ್ರವನ್ನು ನೋಡಿ ಒಬ್ಬೊಬ್ಬ ತಜ್ಞರು ಒಂದೊಂದು ಬಗೆಯಲ್ಲಿ ವರದಿ ಬರೆದರೆ ರೋಗಿಗೆ ಗೊಂದಲ. ಆದುದರಿಂದ 2018ರಲ್ಲಿ ಹಲವು ದೇಶಗಳ ತಜ್ಞರು ಕೂಡಿ ವಿಐ-ರ್ಯಾಡ್ಸ್ ಎಂಬ ಅಂಕಪದ್ಧತಿಯನ್ನು ರೂಪಿಸಿದರು. ಇದರಲ್ಲಿ 1ರಿಂದ 5ರವರೆಗೆ ಅಂಕಗಳು. 1 ಎಂದರೆ ಸ್ನಾಯುವಿಗೆ ಇಳಿದಿರುವ ಸಂಭವ ಅತ್ಯಲ್ಪ. 2 ಎಂದರೆ ಸಂಭವ ಕಡಿಮೆ. 3 ಎಂದರೆ ಖಚಿತವಾಗಿ ಹೇಳಲಾಗದು. 4 ಎಂದರೆ ಇಳಿದಿರುವ ಸಂಭವ ಹೆಚ್ಚು. 5 ಎಂದರೆ ಸ್ನಾಯುವನ್ನೂ ದಾಟಿ ಹೊರಗೆ ಹೋಗಿರುವ ಸಂಭವ ಬಹಳ ಹೆಚ್ಚು.

ಇಲ್ಲಿ ಒಂದು ತಪ್ಪು ತಿಳುವಳಿಕೆಯನ್ನು ಹೋಗಲಾಡಿಸಬೇಕಾಗಿದೆ. ಕೆಲವು ಕಾಲದ ಹಿಂದೆ ಅರವತ್ತು ದಾಟಿದ ಒಬ್ಬ ರೈತರ ಮಕ್ಕಳು ವರದಿಯ ಹಾಳೆ ಹಿಡಿದುಕೊಂಡು ನನ್ನ ಚಿಕಿತ್ಸಾಲಯಕ್ಕೆ ಬಂದರು. ಅದರಲ್ಲಿ ವಿಐ-ರ್ಯಾಡ್ಸ್ 4 ಎಂದಿತ್ತು. "ಡಾಕ್ಟರೇ, ಅಪ್ಪಾವ್ರಿಗೆ ನಾಲ್ಕನೇ ಸ್ಟೇಜ್ ಅಂತ ಬರದಾರ್ರಿ. ಇನ್ನ ಆಪರೇಶನ್ ಮಾಡಿಸಿ ಏನ್ ಉಪಯೋಗ? ಮನಿಯಾಗ ಇಟ್ಕೊಂಡು ನಿಮ್ಮ ಔಷಧ ಕೊಡ್ತೀವ್ರಿ" ಎಂದರು. ಹಿರಿಯ ಮಗ ಹೊಲದ ಪತ್ರವನ್ನು ತಮ್ಮನ ಹೆಸರಿಗೆ ಮಾಡಿಸುವ ಮಾತನ್ನೂ ಆಡತೊಡಗಿದ್ದರು. ನಾನು ಹಾಳೆಯನ್ನು ಮುಂದಿಟ್ಟು, ಇದು ರೋಗದ ನಾಲ್ಕನೆಯ ಹಂತವಲ್ಲ, ಸ್ನಾಯುವಿಗೆ ಇಳಿದಿರುವ ಸಂಭವವನ್ನು ಸೂಚಿಸುವ ಅಂಕ ಎಂದು ವಿವರಿಸಿದೆ. ವರದಿಯ ಕೊನೆಯಲ್ಲಿ ಕೊಬ್ಬಿನ ಪದರ ಸ್ವಚ್ಛವಾಗಿದೆ, ಗ್ರಂಥಿಗಳು ಊದಿಲ್ಲ ಎಂದೂ ಬರೆದಿತ್ತು. ಅಂದರೆ ಅದು ಬಹುಶಃ ಎರಡನೆಯ ಹಂತ. ಗುಣಪಡಿಸುವ ಉದ್ದೇಶದಿಂದಲೇ ಚಿಕಿತ್ಸೆ ಮಾಡಬಹುದಾದ ಅವಸ್ಥೆ. ಅದೇ ವಾರ ಅವರನ್ನು ಕ್ಯಾನ್ಸರ್ ಆಸ್ಪತ್ರೆಗೆ ಕಳುಹಿಸಿಕೊಟ್ಟೆನು. ತುಣುಕು ಪರೀಕ್ಷೆಯಲ್ಲಿಯೂ ಟಿ2 ಎಂದೇ ಬಂದಿತು, ಚಿಕಿತ್ಸೆ ನಡೆಯಿತು. ಒಂದು ಅಂಕವನ್ನು ತಪ್ಪಾಗಿ ಓದಿದ ಮಾತ್ರಕ್ಕೆ ಆ ಮನೆಯವರು ಹಿರಿಯರನ್ನು ಕೈಬಿಡುವುದರಲ್ಲಿದ್ದರು. ಆದುದರಿಂದ ವರದಿಯಲ್ಲಿ ಅಂಕೆ ಕಂಡೊಡನೆ ಅರ್ಥ ಕಟ್ಟಬೇಡಿರಿ. ಅದು ಯಾವ ಅಂಕೆ ಎಂದು ವೈದ್ಯರನ್ನು ಕೇಳಿರಿ.

ಸಮಯದ ಉಳಿತಾಯ

ಬಹುಕಾಲದ ಪದ್ಧತಿಯೆಂದರೆ ಮೊದಲು ಟಿ.ಯು.ಆರ್.ಬಿ.ಟಿ. ಮಾಡಿ, ತೆಗೆದ ಚೂರುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಆಳ ನಿರ್ಧರಿಸುವುದು. ಇದರಲ್ಲಿ ಒಂದು ತೊಡಕುಂಟು. ಕೆರೆದ ಚೂರಿನಲ್ಲಿ ಸ್ನಾಯುವಿನ ಅಂಶವೇ ಬಾರದಿದ್ದರೆ ರೋಗದ ಆಳ ತಿಳಿಯುವುದಿಲ್ಲ. ಕೆಲವು ವಾರಗಳ ನಂತರ ಮತ್ತೊಮ್ಮೆ ಕೆರೆಯಬೇಕಾಗುತ್ತದೆ. ಮೊದಲ ಬಾರಿ ಟಿ1 ಎಂದುಕೊಂಡದ್ದು ಎರಡನೆಯ ಬಾರಿ ಟಿ2 ಎಂದು ತಿಳಿಯುವುದೂ ಉಂಟು.

ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ನೇತೃತ್ವದಲ್ಲಿ ನಡೆದ ಬ್ಲಾಡರ್‌ಪಾತ್ ಎಂಬ ಅಧ್ಯಯನದಲ್ಲಿ 143 ರೋಗಿಗಳನ್ನು ಎರಡು ಗುಂಪುಗಳಾಗಿ ವಿಂಗಡಿಸಿದರು. ಒಂದು ಗುಂಪಿಗೆ ಹಳೆಯ ಪದ್ಧತಿ. ಇನ್ನೊಂದರಲ್ಲಿ, ದುರ್ಬೀನಿನಲ್ಲಿ ನೋಡುವಾಗಲೇ ಆಳವಾದ ರೋಗವೆಂದು ಅನುಮಾನ ಬಂದವರಿಗೆ ಮೊದಲು ಎಂ.ಆರ್.ಐ. ಮಾಡಿಸಿದರು. ಸ್ನಾಯುವಿಗೆ ಇಳಿದ ರೋಗವುಳ್ಳವರಿಗೆ ಸರಿಯಾದ ಚಿಕಿತ್ಸೆ ಆರಂಭವಾಗಲು ಹಳೆಯ ಪದ್ಧತಿಯಲ್ಲಿ ನಡುಮಟ್ಟದ ಲೆಕ್ಕದಲ್ಲಿ 98 ದಿನ ಹಿಡಿದರೆ, ಎಂ.ಆರ್.ಐ. ಗುಂಪಿನಲ್ಲಿ 53 ದಿನ ಸಾಕಾಯಿತು. 45 ದಿನಗಳ ಉಳಿತಾಯ ಈ ರೋಗದಲ್ಲಿ ಅಲ್ಪವಲ್ಲ.

ಇನ್ನೊಂದು ಅಂಶ ಗಮನಾರ್ಹ. ಕೆರೆದ ಮೇಲೆ ಗೋಡೆ ಊದಿಕೊಂಡು ಗಾಯವಾಗಿರುವುದರಿಂದ ಎಂ.ಆರ್.ಐ. ಚಿತ್ರದಲ್ಲಿ ಊತ ಯಾವುದು, ರೋಗ ಯಾವುದು ಎಂದು ಬಿಡಿಸುವುದು ಕಷ್ಟ. ಆದುದರಿಂದ ಸಾಧ್ಯವಿದ್ದಲ್ಲಿ ಟಿ.ಯು.ಆರ್.ಬಿ.ಟಿ.ಗೆ ಮೊದಲೇ ಈ ಪರೀಕ್ಷೆ ಮಾಡಿಸುವುದು ಮೇಲು. ಆಗದಿದ್ದರೆ ಕನಿಷ್ಠ ಎರಡು ವಾರಗಳಾದರೂ ಕಳೆದಿರಬೇಕು.

ಇದರ ಮಿತಿಗಳು

ಯಾವ ಪರೀಕ್ಷೆಯೂ ಪರಿಪೂರ್ಣವಲ್ಲ. ಸ್ನಾಯುವಿಗೆ ಇಳಿದಿದೆಯೇ ಎಂಬ ಪ್ರಶ್ನೆಗೆ ಎಂ.ಆರ್.ಐ. ಕೊಡುವ ಉತ್ತರ ಬಹುತೇಕ ಅಧ್ಯಯನಗಳಲ್ಲಿ ನೂರಕ್ಕೆ ಸುಮಾರು 80ರಿಂದ 90ರಷ್ಟು ಸರಿಯಾಗಿದೆ; ಉಳಿದವರಲ್ಲಿ ತಪ್ಪುತ್ತದೆ. ಚಪ್ಪಟೆಯಾಗಿ ಹರಡುವ ಟಿಐಎಸ್ ರೋಗ ಇದರಲ್ಲಿ ಸರಿಯಾಗಿ ಕಾಣುವುದಿಲ್ಲ. ಗ್ರಂಥಿಗಳು ಊದಿದರೆ ಮಾತ್ರ ಅನುಮಾನ ಬರುತ್ತದೆ. ಊದದ ಗ್ರಂಥಿಯೊಳಗೆ ಅಡಗಿದ ಕೆಲವು ಕಣಗಳು ತಿಳಿಯುವುದಿಲ್ಲ. ಗಂಟು ಸೌಮ್ಯವೋ ಉಗ್ರವೋ ಎಂಬುದನ್ನು ಹೇಳುವುದು ತುಣುಕು ಪರೀಕ್ಷೆ ಮಾತ್ರ. ಶ್ವಾಸಕೋಶ ಮತ್ತು ಮೂತ್ರನಾಳಗಳಿಗೆ ಸಿ.ಟಿ. ಬೇಕಾಗುತ್ತದೆ. ಆದುದರಿಂದ ಎಂ.ಆರ್.ಐ. ಮಾಡಿಸಿದ್ದೇವೆ, ಇನ್ನು ದುರ್ಬೀನು ಬೇಡ, ತುಣುಕು ಬೇಡ ಎನ್ನುವುದು ಸರಿಯಲ್ಲ.

ಪರೀಕ್ಷೆಗೆ ಹೋಗುವ ಮುನ್ನ

ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿದ್ದರೆ, ಕಿವಿಯೊಳಗೆ ಶ್ರವಣಯಂತ್ರ ಜೋಡಿಸಿದ್ದರೆ, ಮಿದುಳಿನ ರಕ್ತನಾಳಕ್ಕೆ ಕ್ಲಿಪ್ ಹಾಕಿದ್ದರೆ, ಮೂಳೆಗೆ ಸಲಾಕೆ ಇದ್ದರೆ ಮೊದಲೇ ತಿಳಿಸಬೇಕು. ವೆಲ್ಡಿಂಗ್, ಗ್ರೈಂಡಿಂಗ್ ಕೆಲಸದವರ ಕಣ್ಣಿಗೆ ಎಂದಾದರೂ ಕಬ್ಬಿಣದ ಚೂರು ಸಿಡಿದಿದ್ದರೆ ಅದನ್ನೂ ಹೇಳಬೇಕು. ಮೂತ್ರಪಿಂಡದ ತೊಂದರೆಯುಳ್ಳವರು, ಮಧುಮೇಹಿಗಳು ಗಡೋಲಿನಿಯಂ ಕೊಡುವ ಮೊದಲು ರಕ್ತದ ಕ್ರಿಯಾಟಿನಿನ್ ಪರೀಕ್ಷೆಯನ್ನು ತೋರಿಸಬೇಕು.

ಮೈಮೇಲಿನ ಲೋಹವನ್ನೆಲ್ಲ ತೆಗೆದಿರಿಸಬೇಕು. ತಾಳಿ, ಬಳೆ, ಕಾಲುಂಗುರ, ಉಡಿದಾರ, ಗಡಿಯಾರ, ಮೊಬೈಲು ಯಾವುದೂ ಒಳಗೆ ಹೋಗಬಾರದು. ಇಷ್ಟಲಿಂಗದ ಬೆಳ್ಳಿಯ ಕರಡಿಗೆಯೂ ಇದಕ್ಕೆ ಹೊರತಲ್ಲ. ಇದರಿಂದ ಅನೇಕ ಹಿರಿಯರ ಮನಸ್ಸಿಗೆ ಅಳುಕಾಗುವುದನ್ನು ಬಲ್ಲೆನು. ಸ್ನಾನ ಪೂಜೆಗಳನ್ನು ಮುಗಿಸಿ ಹೋಗಿ, ಪರೀಕ್ಷೆಯ ಹೊತ್ತಿನಲ್ಲಿ ಕರಡಿಗೆಯನ್ನು ಶುಭ್ರವಸ್ತ್ರದಲ್ಲಿ ಸುತ್ತಿ ಮನೆಯವರ ಕೈಯಲ್ಲಿ ಕೊಟ್ಟು, ಹೊರಬಂದೊಡನೆ ಧರಿಸಬಹುದು. ಇನ್ನೂ ಸಂಶಯವಿದ್ದರೆ ತಮ್ಮ ಗುರುಗಳಲ್ಲಿ ಮೊದಲೇ ಅರಿಕೆ ಮಾಡಿಕೊಳ್ಳಬೇಕೇ ಹೊರತು, ಆ ಕಾರಣದಿಂದ ಪರೀಕ್ಷೆಯನ್ನು ಮುಂದೂಡಬಾರದು.

ಮೂತ್ರಕೋಶ ಹದವಾಗಿ ತುಂಬಿರಬೇಕು. ಬರಿದಾಗಿದ್ದರೆ ಗೋಡೆ ಮಡಿಚಿಕೊಂಡು ದಪ್ಪವಾಗಿ ಕಾಣುತ್ತದೆ. ಅತಿಯಾಗಿ ತುಂಬಿದರೆ ರೋಗಿ ಅಲುಗಾಡಿ ಚಿತ್ರ ಮಸುಕಾಗುತ್ತದೆ. ಸಾಮಾನ್ಯವಾಗಿ ಒಂದೆರಡು ಗಂಟೆ ಮೊದಲು ಮೂತ್ರವಿಸರ್ಜಿಸಿ, ಅರ್ಧ ಗಂಟೆ ಮೊದಲು ಅರ್ಧದಿಂದ ಒಂದು ಲೀಟರು ನೀರು ಕುಡಿಯಲು ಹೇಳುತ್ತಾರೆ. ಹೃದಯ ಅಥವಾ ಮೂತ್ರಪಿಂಡದ ತೊಂದರೆಯಿಂದ ನೀರಿನ ನಿರ್ಬಂಧವಿರುವವರು ತಮ್ಮ ವೈದ್ಯರನ್ನು ಕೇಳಿ ಕುಡಿಯಬೇಕು. ಪರೀಕ್ಷೆ ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ. ಯಂತ್ರ ಜೋರಾಗಿ ಶಬ್ದ ಮಾಡುತ್ತದೆ, ಆದರೆ ನೋವಿಲ್ಲ. ಕಣ್ಣು ಮುಚ್ಚಿ, ಉಸಿರನ್ನು ಗಮನಿಸುತ್ತ ನಿಶ್ಚಲವಾಗಿ ಮಲಗಿದರೆ ಚಿತ್ರ ಸ್ಪಷ್ಟವಾಗಿ ಬರುತ್ತದೆ.

ಆಯುರ್ವೇದದ ಸ್ಥಾನ

"ಶಸ್ತ್ರಕ್ರಿಯೆ ಇಲ್ಲದೆ ಆಯುರ್ವೇದದಲ್ಲಿ ಇದಕ್ಕೆ ಔಷಧವಿಲ್ಲವೇ?" ಎಂದು ಕೇಳುವವರು ಬಹಳ. ಅರ್ಬುದಕ್ಕೆ ಶಸ್ತ್ರ, ಕ್ಷಾರ, ಅಗ್ನಿಕರ್ಮಗಳನ್ನು ವಿಧಿಸಿದವರು ಸುಶ್ರುತಾಚಾರ್ಯರೇ. ಶೇಷ ಉಳಿದರೆ ಅರ್ಬುದ ಶೀಘ್ರವಾಗಿ ಮರಳಿ ಬೆಳೆಯುತ್ತದೆಂದು ಎಚ್ಚರಿಸಿದವರೂ ಅವರೇ. ಸಮೂಲವಾಗಿ ತೆಗೆಯಬೇಕಾದರೆ ಮೂಲ ಎಲ್ಲಿಯವರೆಗೆ ಇದೆಯೆಂದು ತಿಳಿಯಬೇಕಲ್ಲವೇ? ಆ ತಿಳಿವಳಿಕೆಗೆ ಇಂದು ದೊರೆತಿರುವ ಸಾಧನಗಳಲ್ಲಿ ಎಂ.ಆರ್.ಐ. ಒಂದು. ಅದನ್ನು ಬಳಸಿಕೊಳ್ಳುವುದರಿಂದ ನಮ್ಮ ಶಾಸ್ತ್ರಕ್ಕೆ ಕುಂದಿಲ್ಲ.

ಚಿಕಿತ್ಸೆಯ ಕಾಲದಲ್ಲಿ ಹಸಿವು, ನಿದ್ರೆ, ಮಲಪ್ರವೃತ್ತಿ, ಮನೋಬಲಗಳನ್ನು ಕಾಪಾಡಲು ಆಹಾರ ವಿಹಾರಗಳ ಮಟ್ಟಿಗೆ ನಮ್ಮ ಪದ್ಧತಿಯಿಂದ ನೆರವಾಗಬಹುದು. ಆದರೆ ಕೀಮೋಥೆರಪಿಯ ಸಿಸ್‌ಪ್ಲಾಟಿನ್ ಔಷಧಿ ಮೂತ್ರಪಿಂಡಗಳ ಮೇಲೆ ಭಾರ ಹೊರಿಸುತ್ತದೆ. ಆ ಸಮಯದಲ್ಲಿ ಯಾವುದೇ ಕಷಾಯ, ಭಸ್ಮ, ಗುಳಿಗೆಗಳನ್ನು ಕ್ಯಾನ್ಸರ್ ವೈದ್ಯರಿಗೆ ತಿಳಿಸದೆ ಸೇವಿಸಬಾರದು. ನನ್ನ ಬಳಿಗೆ ಬರುವವರಿಗೂ ನಾನು ಇದನ್ನೇ ಹೇಳುತ್ತೇನೆ.

ಭಕ್ತರು ಮಾಡಬೇಕಾದುದು

ನಲವತ್ತು ದಾಟಿದವರಲ್ಲಿ ಒಮ್ಮೆಯಾದರೂ ನೋವಿಲ್ಲದೆ ಮೂತ್ರದಲ್ಲಿ ರಕ್ತ ಕಂಡರೆ, ಅದು ನಿಂತುಹೋದರೂ, ಆ ವಾರದಲ್ಲಿಯೇ ಮೂತ್ರಪರೀಕ್ಷೆ ಮತ್ತು ಸೋನೋಗ್ರಫಿ ಮಾಡಿಸಿರಿ. ಬೀಡಿ ಸಿಗರೇಟು ಸೇದುವವರಾದರೆ ಒಂದು ದಿನವೂ ತಡಮಾಡಬೇಡಿರಿ. ಗಂಟು ಪತ್ತೆಯಾದರೆ ಮೂತ್ರರೋಗ ತಜ್ಞರನ್ನು ನಾಲ್ಕು ಪ್ರಶ್ನೆ ಕೇಳಿರಿ: ಕೆರೆಯುವ ಮೊದಲು ಎಂ.ಆರ್.ಐ. ಮಾಡಿಸುವುದರಿಂದ ನಮಗೆ ಪ್ರಯೋಜನವಿದೆಯೇ? ತೆಗೆದ ಚೂರಿನಲ್ಲಿ ಸ್ನಾಯುವಿನ ಅಂಶ ಬಂದಿದೆಯೇ? ರೋಗ ಸ್ನಾಯುವಿಗೆ ಇಳಿದಿದೆಯೇ? ಮುಂದಿನ ಚಿಕಿತ್ಸೆ ಯಾವ ದಿನಾಂಕದಂದು ಆರಂಭವಾಗುತ್ತದೆ?

ವೆಚ್ಚದ ಚಿಂತೆಯಿಂದ ಮನೆಯಲ್ಲಿ ಕೂರಬೇಡಿರಿ. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಂತಹ ಸರ್ಕಾರಿ ಕ್ಯಾನ್ಸರ್ ಆಸ್ಪತ್ರೆ ನಮ್ಮ ರಾಜ್ಯದಲ್ಲಿದೆ. ಆಯುಷ್ಮಾನ್ ಭಾರತ ಆರೋಗ್ಯ ಕರ್ನಾಟಕ ಯೋಜನೆಯಡಿ ಯಾವ ಚಿಕಿತ್ಸೆಗೆ ನೆರವು ದೊರೆಯುತ್ತದೆಂಬುದನ್ನು ಪಡಿತರ ಚೀಟಿ ಮತ್ತು ಆಧಾರ್ ಕಾರ್ಡಿನೊಡನೆ ಸಮೀಪದ ಸರ್ಕಾರಿ ಆಸ್ಪತ್ರೆಯಲ್ಲಿ ವಿಚಾರಿಸಿರಿ. ಹೊರಡುವಾಗ ಹಳೆಯ ವರದಿಗಳನ್ನೂ ಸ್ಕ್ಯಾನಿನ ಸಿ.ಡಿ.ಯನ್ನೂ ಒಂದೇ ಚೀಲದಲ್ಲಿಟ್ಟು ಕೊಂಡೊಯ್ಯಿರಿ. ಮಾಡಿದ ಪರೀಕ್ಷೆಯನ್ನೇ ಮತ್ತೆ ಮಾಡಿಸುವ ಖರ್ಚೂ ದಿನಗಳೂ ಉಳಿಯುತ್ತವೆ.